ಅಂಬಿಗನ ಕೊನೆಯ ರೀಲು

ದಾವಣಗೆರೆ
೯ ಮಾರ್ಚ್ ೧೯೫೨, ಭಾನುವಾರ

ಪ್ರಿಯ ಹಿದಾಯತ್,

ನಿನ್ನ ಕಾಗದ ಕೈಸೇರಿ ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಪ್ರೆಸ್ಸಿನಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಬರೆದರೆ ನೀನು ನಂಬುವವನೂ ಹೌದು. ಆದರೆ ಕಾರಣ ಅದಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಆರಿದ ಮೇಲೆ ಬರೆಯೋಣ ಎಂದು ಕಾದೆ. ಆರುವ ಲಕ್ಷಣ ಕಾಣಲಿಲ್ಲ, ಅದಕ್ಕೇ ಈಗ ಕೂತಿದ್ದೇನೆ. ಮನೆಯಲ್ಲಿ ಅವ್ವ, ನಿರ್ಮಲ ಇಬ್ಬರೂ ಚೆನ್ನಾಗಿದ್ದಾರೆ. ನಿನ್ನ ತಾಯಿಯವರ ಮಂಡಿನೋವು ಹೇಗಿದೆ, ತಿಳಿಸು.

ಮದರಾಸಿನ ಚಿತ್ರೋತ್ಸವದ ಪಾಸಿನ ಮೇಲೆ ಇದ್ದದ್ದು ನನ್ನ ಹೆಸರು. ಇಟಲಿಯ ಚಿತ್ರಗಳ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಮೂರು ವರ್ಷದಿಂದ ಕತ್ತರಿಸಿ ಬಿಸ್ಕತ್ತಿನ ಡಬ್ಬಿ ತುಂಬಿಸಿದವನು ನಾನು. ಯುದ್ಧಕ್ಕೆ ಮುಂಚೆ ಅಲ್ಲಿ ಶ್ರೀಮಂತರ ಬಂಗಲೆ, ಬಿಳಿ ಟೆಲಿಫೋನು, ರೇಷ್ಮೆ ನಿಲುವಂಗಿಗಳ ಚಿತ್ರಗಳು ಬರುತ್ತಿದ್ದವು. ಯುದ್ಧ ಮುಗಿದಾಗ ರೋಮಿನ ಹೊರಗಿನ ದೊಡ್ಡ ಸ್ಟುಡಿಯೋದಲ್ಲಿ ನಿರಾಶ್ರಿತರು ಬೀಡುಬಿಟ್ಟಿದ್ದರು. ನಿರ್ದೇಶಕರು ಕ್ಯಾಮೆರಾ ಹೊತ್ತು ಬೀದಿಗೆ ಇಳಿದರು, ಕೂಲಿಕಾರರನ್ನೇ ನಿಲ್ಲಿಸಿ ನಟರನ್ನಾಗಿ ಮಾಡಿದರು. ಇದನ್ನೆಲ್ಲ ನಿನಗೆ ಹೇಳಿಕೊಟ್ಟವನೂ ನಾನೇ. ಚುನಾವಣೆಯ ಸುದ್ದಿಗೆಂದು ಸಂಪಾದಕರು ನನ್ನ ರಜೆ ರದ್ದು ಮಾಡಿದರು. ಪಾಸು ಹಾಳಾಗಬಾರದೆಂದು ನಿನಗೆ ಕೊಟ್ಟೆ. ಹರಿಹರದ ಥಿಯೇಟರಿನ ಆಪರೇಟರು ನೀನು, ದಿನಕ್ಕೆ ಎರಡು ಆಟ ನೋಡುವವನು. ನಿನಗೆ ಒಂದು ಚಿತ್ರ ಹೆಚ್ಚಾದರೇನು, ಕಡಿಮೆಯಾದರೇನು? ನಾನು ಇಲ್ಲಿ ತಾಲ್ಲೂಕು ಕಚೇರಿಯ ಮುಂದೆ ಬಿಸಿಲಲ್ಲಿ ನಿಂತಿದ್ದಾಗ ನೀನು ಅಲ್ಲಿ ತಂಪಾಗಿ ಕೂತು ಇಟಲಿ ನೋಡುತ್ತಿದ್ದೆ. ಈ ಒಂದು ಮಾತು ಊಟ ಮಾಡುವಾಗಲೂ ನೆನಪಿಗೆ ಬರುತ್ತದೆ.

ನೀನು ನಮ್ಮ ಪ್ರೆಸ್ಸಿಗೆ ಬಂದು, ಅಚ್ಚಿನ ಮೊಳೆ ಜೋಡಿಸುವವರ ನಡುವೆ ನಿಂತು ಹೇಳಿದ ಅಂಬಿಗನ ಕಥೆಯನ್ನು ಮೊನ್ನೆ ಶುಕ್ರವಾರದ ನನ್ನ ಅಂಕಣದಲ್ಲಿ ಹಾಕಿದ್ದೇನೆ. ಹಾಳೆ ಇದರ ಜೊತೆಗಿದೆ. ತಪ್ಪಿದ್ದರೆ ತಿಳಿಸಲೆಂದು ಸಾರಾಂಶವನ್ನು ಇಲ್ಲೂ ಬರೆಯುತ್ತೇನೆ. ಯುದ್ಧದಲ್ಲಿ ಊರಿನ ಸೇತುವೆ ಬಾಂಬಿಗೆ ಬಿದ್ದಿದೆ. ಮೂರು ವರ್ಷ ಒಬ್ಬ ಅಂಬಿಗನ ದೋಣಿಯೇ ಊರಿಗೆಲ್ಲ ದಾರಿ. ಪಾದ್ರಿಯೂ ಅವನಿಗೆ ಕಾಯಬೇಕು, ಪೊಲೀಸನೂ ಕಾಯಬೇಕು. ಆಮೇಲೆ ಸರ್ಕಾರ ಸೇತುವೆ ಕಟ್ಟಲು ಶುರುಮಾಡುತ್ತದೆ. ತೆರೆಯುವ ದಿನ ಬ್ಯಾಂಡು ಬಾರಿಸಿಕೊಂಡು ಊರೆಲ್ಲ ಮೇಲೆ ನಡೆಯುತ್ತದೆ, ಕೆಳಗೆ ದೋಣಿಯಲ್ಲಿ ಅಂಬಿಗ ಒಬ್ಬನೇ. ಆಗ ಅವನ ಹೆಂಡತಿ ದಡ ಇಳಿದು ಬಂದು, ದೋಣಿಯಲ್ಲಿ ಕೂತು, ಯಾರೋ ಪರಸ್ಥಳದವಳಂತೆ ಅವನ ಕೈಗೆ ಒಂದು ಕಾಸು ಇಟ್ಟು, "ದಾಟಿಸು" ಎನ್ನುತ್ತಾಳೆ. ದೋಣಿ ನಡುಹೊಳೆಗೆ ಹೋಗುತ್ತದೆ. ಅಲ್ಲಿಗೆ ಮುಗಿಯುತ್ತದೆ.

ನಿನ್ನೆ ಒಂದೇ ದಿನ ಏಳು ಜನ ಪ್ರೆಸ್ಸಿಗೆ ಬಂದು ಇದರ ಬಗ್ಗೆ ಮಾತಾಡಿಹೋದರು. ಹತ್ತಿ ದಲಾಲಿ ಅಜ್ಜಪ್ಪ, ಧಾರಣೆಯ ಪಟ್ಟಿ ಬಿಟ್ಟು ಬೇರೇನೂ ಓದದವರು, "ಆ ಹೆಣ್ಮಗಳು ಭಾರಿ ಬಿಡ್ರೀ" ಎಂದರು. ನಿರ್ಮಲ ಸಾಮಾನ್ಯವಾಗಿ ನನ್ನ ಬರಹ ಓದುವುದಿಲ್ಲ. ಇದನ್ನು ಎರಡು ಸಲ ಓದಿದಳು, ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಅವಳ ಕಣ್ಣಿಗೆ ನಾನೂ ಒಬ್ಬ ಬರೆಯುವವನಾಗಿ ಕಂಡಿದ್ದೇನೆ.

ಇನ್ನು ಕೆಲವು ಸಂಗತಿ ಬೇಕು. ದೋಣಿಗೆ ಬಣ್ಣ ಬಳಿದಿತ್ತೇ? ಹೊಳೆಯ ಅಗಲ ಅಂದಾಜು ಎಷ್ಟು, ನಮ್ಮ ತುಂಗಭದ್ರೆಯಷ್ಟೇ? ಹೆಂಡತಿ ಕಾಸು ಕೊಟ್ಟದ್ದು ಯಾವ ಕೈಯಿಂದ? ನೋಡಿದವನು ನೀನು, ನೀನೇ ಹೇಳಬೇಕು.

ತಾಯಿ ಖತೀಜಾಬೀ ಅವರಿಗೆ ನನ್ನ ನಮಸ್ಕಾರ. ನಿಮ್ಮ ಮನೆಯ ಒಲೆ ಸದಾ ಬೆಚ್ಚಗಿರಲಿ.

ನಿನ್ನ
ವಾಮದೇವಪ್ಪ

ಮರೆತಿದ್ದೆ: ಅಂಕಣದಲ್ಲಿ ನಿನ್ನ ಹೆಸರಿಲ್ಲ. ಜಾಗ ಸಾಲಲಿಲ್ಲ ಎಂದು ಬರೆಯಲು ಹೊರಟಿದ್ದೆ. ಒಂದು ಸಾಲಿನ ಜಾಗ ಇತ್ತು.

*

ದಾವಣಗೆರೆ
೧೮ ಜೂನ್ ೧೯೬೧, ಭಾನುವಾರ

ಪ್ರಿಯ ಹಿದಾಯತ್,

ನೀನು ಬಸ್ಸಿನಲ್ಲಿ ಕಳಿಸಿದ ಮಾವಿನಹಣ್ಣಿನ ಬುಟ್ಟಿ ಬಂದು ಮೂರು ವಾರವಾಯಿತು. ಹಣ್ಣು ಖಾಲಿಯಾಗಿವೆ, ಬುಟ್ಟಿಯಲ್ಲಿ ನಿರ್ಮಲ ಈರುಳ್ಳಿ ಹಾಕಿದ್ದಾಳೆ, ನನ್ನ ಉತ್ತರ ಮಾತ್ರ ಈಗ ಹೊರಡುತ್ತಿದೆ. ಮನ್ನಿಸು. ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದೆವು, ಈಗ ಎಲ್ಲವೂ ಕಾಣುತ್ತದೆ, ಅದರಲ್ಲೂ ನನ್ನ ತಪ್ಪುಗಳು.

ಸುದ್ದಿ ಏನೆಂದರೆ, ಇಟಲಿಯ ಆ ಪೈಲ್ವಾನನ ಚಿತ್ರ ಇಲ್ಲಿ ಎರಡು ವಾರ ಓಡಬೇಕಿತ್ತು. ನಾಲ್ಕನೇ ದಿನಕ್ಕೆ ಬೆಂಚುಗಳು ಖಾಲಿ. ಬಣ್ಣದ ಚಿತ್ರ, ಇಂಗ್ಲಿಷ್ ಮಾತು ಸೇರಿಸಿದ್ದಾರೆ, ಕಂಬ ಕಿತ್ತು ಅರಮನೆ ಬೀಳಿಸುವ ದೃಶ್ಯ ಸೊಗಸಾಗಿದೆ. ಯಾಕೆ ಹೋಗುತ್ತಿಲ್ಲ ಎಂದು ಅಜ್ಜಪ್ಪನವರನ್ನು ಕೇಳಿದೆ. "ಮುಂದಿನ ವಾರ ಹರಿಹರಕ್ಕೆ ಹೋಗ್ತೈತಲ್ರೀ, ಅಲ್ಲೇ ನೋಡ್ತೀವಿ," ಎಂದರು. ಅದೇ ಪೆಟ್ಟಿಗೆ, ಅದೇ ರೀಲು, ಒಂಬತ್ತು ಮೈಲಿ ಬಸ್ಸು ಬೇರೆ, ಏನು ವ್ಯತ್ಯಾಸ ಎಂದೆ. ಅವರು ನನ್ನನ್ನು ಪಾಪದವನನ್ನು ನೋಡಿದಂತೆ ನೋಡಿ, "ಇಲ್ಲಿ ಬರೇ ಹೊಡೆದಾಟ ಐತ್ರಿ. ಹರಿಹರದಾಗ ಕಥೆ ಐತೆ," ಎಂದರು.

ನೀನು ಆಪರೇಟರ್ ಕೆಲಸವನ್ನು ಹನುಮಂತಪ್ಪನಿಗೆ ಬಿಟ್ಟು, ಪರದೆಯ ಪಕ್ಕದಲ್ಲಿ ಮೈಕು ಹಿಡಿದು ಇಂಗ್ಲಿಷ್ ಚಿತ್ರಗಳಿಗೆ ಕನ್ನಡದಲ್ಲಿ ಕಥೆ ಹೇಳುವುದು ಗೊತ್ತಿತ್ತು. ಇಷ್ಟು ದೂರ ಹೋಗಿದೆ ಎಂದು ಗೊತ್ತಿರಲಿಲ್ಲ. ಕಳೆದ ಮಂಗಳವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ಆಟ ಮುಗಿದ ಮೇಲೆ ಚಹಾ ಕುಡಿಯುವಾಗ ನಾನು ಆಗಷ್ಟೇ ಬಂದೆ ಎಂದು ಹೇಳಿದ್ದು ಸುಳ್ಳು. ಮೊದಲಿನಿಂದ ಇದ್ದೆ.

"ನೋಡ್ರಪಾ, ಬಂದ ನಮ್ಮ ಪೈಲ್ವಾನ," ಎಂದು ನೀನು ಶುರುಮಾಡಿದೆ. "ಇವನು ಭೀಮಸೇನನ ಷಡ್ಡಕ. ಊಟಕ್ಕ ಹದಿನಾರು ರೊಟ್ಟಿ. ದಾವಣಗೆರಿ ಮಿಲ್ಲಿನಾಗ ಹತ್ತಿ ಅಂಡಿಗೆ ಹೊತ್ತು ಹೊತ್ತು ಮೈ ಹಿಂಗೆ ಆಗೈತೆ." ರಾಣಿ ಬಂದಾಗ, "ಈಕಿನ್ನ ನಂಬಬ್ಯಾಡ್ರೀ ಯಕ್ಕಾ, ನಗು ನೋಡ್ರಿ, ವಿಷ ಐತೆ," ಎಂದೆ. ಹೆಂಗಸರ ಕಡೆಯಿಂದ ಒಬ್ಬಾಕೆ, "ಕುಡೀಬ್ಯಾಡೋ ಮಗನಾ ಆ ಹಾಲು!" ಎಂದು ಕೂಗಿದಳು. ಆತ ಕುಡಿದ. ಇಡೀ ಥಿಯೇಟರು ಲೊಚಗುಟ್ಟಿತು.

ಹಿದಾಯತ್, ಆತ ಭೀಮಸೇನನಿಗೆ ಏನೂ ಆಗಬೇಕಿಲ್ಲ. ಇಂಥ ಬಲಶಾಲಿಯ ಪಾತ್ರ ಇಟಲಿಯ ಮೂಕಿ ಚಿತ್ರದಲ್ಲಿ ೧೯೧೪ರಷ್ಟು ಹಿಂದೆಯೇ ಬಂದಿತ್ತು. ಆಗಲೇ ಅವರು ಆನೆಗಳನ್ನೂ ಸಾವಿರಾರು ಜನರನ್ನೂ ನಿಲ್ಲಿಸಿ ಮೂರು ಗಂಟೆಯ ಪುರಾಣ ಚಿತ್ರ ತೆಗೆಯುತ್ತಿದ್ದರು. ೧೯೫೮ರಿಂದ ಆ ಬಗೆ ಮತ್ತೆ ಚಾಲ್ತಿಗೆ ಬಂದಿದೆ. ಬೀದಿಯ ಬಡವರ ಚಿತ್ರಗಳ ಕಾಲ ಅಲ್ಲಿ ಹಿಂದಾಯಿತು; ಈಗ ಒಂದು ಕಡೆ ಪೈಲ್ವಾನರು, ಇನ್ನೊಂದು ಕಡೆ ನಗಿಸುತ್ತಲೇ ಚುಚ್ಚುವ ಸಂಸಾರದ ಕಥೆಗಳು. ಇದನ್ನೆಲ್ಲ ಅಂಕಣದಲ್ಲಿ ಇಸವಿ ಸಮೇತ ಬರೆದಿದ್ದೆ. ನಾನು ಬರೆದದ್ದರಲ್ಲಿ ಒಂದು ತಾರೀಖೂ ತಪ್ಪಿಲ್ಲ. ನೀನು ಹೇಳಿದ್ದರಲ್ಲಿ ಒಂದೂ ಸರಿಯಿಲ್ಲ. ಬೆಂಚುಗಳೆಲ್ಲ ನಿನ್ನ ಕಡೆ.

ಅಲ್ಲಿ ಚಿತ್ರೀಕರಣ ಮುಗಿದ ಮೇಲೆ ಮಾತು ಸೇರಿಸುತ್ತಾರೆ, ತುಟಿ ಆಡಿಸುವವನು ಒಬ್ಬ, ಧ್ವನಿ ಇನ್ನೊಬ್ಬನದು ಎಂದು ಚಹಾ ಕುಡಿಯುವಾಗ ಹೇಳಿದೆ. ನೀನು ನಕ್ಕು, "ಹಂಗಾದ್ರ ವಾಮಣ್ಣ, ನೀನೂ ನಾನೂ ಇಟಲಿಯವರೇ ಬಿಡು," ಎಂದೆ. ಆಗ ನಾನೂ ನಕ್ಕೆ. ಬಸ್ಸು ದಾವಣಗೆರೆ ಮುಟ್ಟುವ ಹೊತ್ತಿಗೆ ನಗು ಇರಲಿಲ್ಲ.

ಒಂದು ಮಾತು ಗೆಳೆಯನಾಗಿ ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ ನಾನು ಕೇಳಿದಾಗ, ಅಂಬಿಗನ ಹೆಂಡತಿ ಕಾಸು ಕೊಟ್ಟದ್ದು ಎಡಗೈಯಿಂದ, ಬಲಗಂಕುಳಲ್ಲಿ ಮಗು ಇತ್ತು ಎಂದು ನೀನು ಬರೆದಿದ್ದೆ. ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣಿದ್ದವನು ಹೀಗೆ ಬಾಯಿಗೆ ಬಂದದ್ದು ಹೇಳುವುದು ಸರಿಯಲ್ಲ. ನೀನು ಆ ಚಿತ್ರ ನೋಡಿದವನು. ಈ ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ. ಅದರ ಮರ್ಯಾದೆ ಉಳಿಸಿಕೋ.

ಎಲ್ಲರನ್ನೂ ಕೇಳಿದ್ದೇನೆಂದು ಹೇಳು. ಮುಂಗಾರು ನಿಮ್ಮ ಕಡೆ ಚೆನ್ನಾಗಿ ಹಿಡಿಯಲಿ, ಹೊಳೆ ತುಂಬಿ ಹರಿಯಲಿ.

ನಿನ್ನ
ವಾಮದೇವಪ್ಪ

ಕೊನೆಗೊಂದು. ಇಲ್ಲಿಯ ಆಟಕ್ಕೆ ನನ್ನ ಹತ್ತಿರ ಎರಡು ಪಾಸು ಇದ್ದವು. ನಿರ್ಮಲಳನ್ನು ಕರೆದೆ, ತಲೆನೋವು ಎಂದಳು. ಮೊನ್ನೆ ಗುರುವಾರ ಆನೆಕೊಂಡದ ಅವಳ ತಂಗಿಯ ಜೊತೆ ಬಸ್ಸು ಹತ್ತಿ ಹರಿಹರಕ್ಕೆ ಬಂದು ನೋಡಿಕೊಂಡು ಹೋದಳು. ಊಟಕ್ಕೆ ಬಡಿಸುತ್ತ ಅವ್ವನಿಗೆ ಪೂರಾ ಕಥೆ ಹೇಳಿದಳು, ನಿನ್ನ ಧಾಟಿಯಲ್ಲೇ, ಷಡ್ಡಕನ ಸಮೇತ.

*

ದಾವಣಗೆರೆ
೨೨ ನವೆಂಬರ್ ೧೯೬೪, ಭಾನುವಾರ

ಪ್ರಿಯ ಹಿದಾಯತ್,

ಹಾಗೆ ಕರೆಯಲು ನನಗೆ ಇನ್ನೂ ಹಕ್ಕಿದೆಯೋ ತಿಳಿಯದು. ಹದಿನಾಲ್ಕು ದಿನದಲ್ಲಿ ಮೂರು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ. ನಮ್ಮಲ್ಲಿ ಎಲ್ಲರೂ ಇದ್ದಾರೆ, ಇದ್ದ ಹಾಗೆ ಇದ್ದಾರೆ.

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದಾಗ ಮಾತ್ರ ತಪ್ಪು ಯಾರದೆಂದು ತಿಳಿಯುತ್ತದೆ. ಇದು ಪತ್ರಿಕೆಯಲ್ಲಿ ಕಲಿತದ್ದು. ಅದಕ್ಕೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡ.

ಹರಿಹರದ ಕಾರ್ಖಾನೆಯ ಚಿತ್ರ ಸಂಘದವರು ಆ ಅಂಬಿಗನ ಚಿತ್ರದ ಪ್ರತಿಯನ್ನು ಮುಂಬಯಿಯಿಂದ ತರಿಸಿದರು. ನವೆಂಬರ್ ಎಂಟರ ಭಾನುವಾರ ಬೆಳಿಗ್ಗೆ ನಿಮ್ಮ ಥಿಯೇಟರಿನಲ್ಲಿ ಆಟ. ಮೊದಲು ಇಟಲಿಯ ಚಿತ್ರಗಳ ಚರಿತ್ರೆ ಮತ್ತು ಬಗೆಗಳ ಕುರಿತು ನನ್ನ ಭಾಷಣ, ಆಮೇಲೆ ಚಿತ್ರ, ಪಕ್ಕದಲ್ಲಿ ನಿನ್ನ ಕಥೆ. ೧೯೫೨ರ ನನ್ನ ಅಂಕಣವನ್ನು ಅವರು ಕರಪತ್ರವಾಗಿ ಅಚ್ಚು ಹಾಕಿಸಿ ಬಾಗಿಲಲ್ಲಿ ಹಂಚಿದರು. ಹನ್ನೆರಡು ವರ್ಷದಿಂದ ಕಾದಿದ್ದ ಚಿತ್ರವನ್ನು ನಾನು ಕೊನೆಗೂ ನೋಡುವವನಿದ್ದೆ. ಆ ದಿನ ನಾನು ಹೊಸ ಕೋಟು ಹಾಕಿಕೊಂಡು ಬಂದಿದ್ದೆ.

ಎಂಟು ಗಂಟೆಗೆ ಹನುಮಂತಪ್ಪ ನಮ್ಮಿಬ್ಬರನ್ನೂ ಮೇಲೆ ಕರೆದ. ಒಂಬತ್ತು ಡಬ್ಬಿಗಳಲ್ಲಿ ಎರಡರ ಚೀಟಿ ಕಿತ್ತುಹೋಗಿತ್ತು, ರೀಲಿನ ಆರಂಭದ ತುದಿಯೂ ಹರಿದಿತ್ತು. "ಎಂಟನೇದು ಯಾವುದು, ಒಂಬತ್ತನೇದು ಯಾವುದು ಹೇಳ್ರೀ. ಹಿದಾಯತಣ್ಣ, ನೀವು ನೋಡೀರಲ್ಲ," ಎಂದ. ನೀನು ಎರಡು ಡಬ್ಬಿಗಳನ್ನೂ ನೋಡಿ, "ವಾಮಣ್ಣನ್ನ ಕೇಳು, ಅವರು ಬರದಾರ," ಎಂದೆ. ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ಹೆಮ್ಮೆ ಬಂತು. ಕರಪತ್ರ ತೆಗೆದು ಕೊನೆಯ ಸಾಲು ಓದಿದೆ. ಹನುಮಂತಪ್ಪ ರೀಲುಗಳನ್ನು ದೀಪಕ್ಕೆ ಹಿಡಿದು ನೋಡಿದ. ಒಂದರ ಆರಂಭದಲ್ಲಿ ದೋಣಿ ನೀರಿನ ಮೇಲಿತ್ತು, ಇನ್ನೊಂದರಲ್ಲಿ ಸೇತುವೆ ಮೇಲೆ ಜನ. "ದೋಣಿಯದು ಕೊನೆ," ಎಂದೆ. "ಅಚ್ಚಿನಲ್ಲೇ ಇದೆ."

ಭಾಷಣ ಐವತ್ತು ನಿಮಿಷ. ೧೯೦೫ರಿಂದ ಹಿಡಿದು, ಮೂಕಿ, ಪುರಾಣ, ಬಿಳಿ ಟೆಲಿಫೋನು, ಬೀದಿ, ಪೈಲ್ವಾನ, ಈಗ ಸ್ಪೇನಿನ ಬಯಲಿನಲ್ಲಿ ತೆಗೆಯುತ್ತಿರುವ ಕುದುರೆ-ಪಿಸ್ತೂಲಿನ ಚಿತ್ರಗಳವರೆಗೆ ಹೇಳಿದೆ. ಮುಂದಿನ ಸಾಲಿನ ಕಾರ್ಖಾನೆಯ ಆಫೀಸರುಗಳು ತಲೆ ಆಡಿಸಿದರು. ಹಿಂದಿನ ಬೆಂಚುಗಳು ನಿನಗಾಗಿ ಬಂದವರವು. ಮೂವತ್ತನೇ ನಿಮಿಷಕ್ಕೆ ಅಲ್ಲಿಂದ ಒಬ್ಬ, "ಸಾಕು ಮಾಡ್ರೀ ಸಾಹೇಬ್ರ, ದೋಣಿ ಬಿಡ್ರೀ!" ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ಉಳಿದ ಇಪ್ಪತ್ತು ನಿಮಿಷವನ್ನೂ ಮುಗಿಸಿದೆ.

ಆಮೇಲೆ ನೀನು ಮೈಕು ಹಿಡಿದೆ. ಹೊಳೆದಂಡೆಯ ಜನರಿಗೆ ಅಂಬಿಗನ ಕಥೆ ಹೇಳುವುದು ನಿನಗೆ ಕಷ್ಟವೇ? "ಹುಟ್ಟು ಹಿಡಿಯೋ ಕೈ ನೋಡ್ರಿ, ಅಂಗೈ ಗಟ್ಟಿ ಆಗೈತೆ," ಎಂದೆಯಷ್ಟೆ, ನನ್ನ ಪಕ್ಕದ ಮುದುಕ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಚಿತ್ರದ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನಾನು ಒಂದೂ ಬಿಡದೆ ಓದುತ್ತಿದ್ದೆ. ಆ ಮುದುಕನಿಗೆ ಕಂಡಷ್ಟು ನನಗೆ ಕಾಣಲಿಲ್ಲ.

ಎಂಟನೆಯದಾಗಿ ಹಾಕಿದ ರೀಲಿನಲ್ಲಿ ಸೇತುವೆ ತೆರೆಯಿತು. ಬ್ಯಾಂಡು, ಬಾವುಟ, ಜನ. ಅಂಬಿಗ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಾನೆ. ಅವನ ಹೆಂಡತಿ ಬುಟ್ಟಿ ಹೊತ್ತು ಎಲ್ಲರ ಜೊತೆ ಸೇತುವೆಯ ಮೇಲೆ ನಡೆದುಹೋಗುತ್ತಾಳೆ. ಕೆಳಗೆ ನೋಡುವುದಿಲ್ಲ. ಪರದೆಯ ಮೇಲೆ ಮುಗಿಯಿತು ಎಂಬ ಅಕ್ಷರ ಬಂತು. ಬೆನ್ನಿಗೇ ಒಂಬತ್ತನೆಯ ರೀಲು ಹತ್ತಿ, ಅರ್ಧ ಕಟ್ಟಿದ ಸೇತುವೆ, ಅದರ ಕೆಳಗೆ ದೋಣಿ ತುಂಬ ಜನ.

ಹಿಂದಿನಿಂದ, "ಏ, ಸೇತುವೆ ಮತ್ತ ಬಿತ್ತಲೇ! ಅಂಬಿಗ ಬದುಕಿಕೊಂಡ!" ಎಂಬ ಕೂಗು. ಶಿಳ್ಳೆ, ಚಪ್ಪಾಳೆ. ನೀನು ಒಂದು ಕ್ಷಣವೂ ತಡವರಿಸಲಿಲ್ಲ. "ಹೊಳಿ ಬಂತ್ರಪಾ ಹೊಳಿ," ಎಂದೆ. "ಸರ್ಕಾರ ಕಟ್ಟಿದ್ದನ್ನ ಗಂಗವ್ವ ಒಂದೇ ಮಳಿಗಾಲಕ್ಕ ಒಯ್ದಳು. ಈಗ ಬಂದ್ರು ನೋಡ್ರಿ ಎಲ್ಲಾರೂ, ಬ್ಯಾಂಡಿನವರೂ ಬಂದ್ರು, ದೋಣಿ ಹತ್ತಾಕ." ಜನ ಕುಣಿದರು. ಮುಂದಿನ ಸಾಲಿನ ಆಫೀಸರುಗಳು ಕರಪತ್ರವನ್ನೂ ಪರದೆಯನ್ನೂ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕರಪತ್ರದಲ್ಲಿ ಇದ್ದದ್ದು ನನ್ನ ಹೆಸರು. ರೀಲಿನ ಕ್ರಮ ಹೇಳಿದವನೂ ನಾನೇ. ಹಿಂದೆ ನಿನಗೆ ಚಪ್ಪಾಳೆ, ಮುಂದೆ ನನಗೆ ನಗು.

ನಾನು ಎದ್ದು ಬಂದು ನಿನ್ನ ಕೈಯಿಂದ ಮೈಕು ಕಿತ್ತುಕೊಂಡೆ. ಆಡಿದ ಮಾತು ಅಕ್ಷರಶಃ ನೆನಪಿದೆ: "ಇವರು ಈ ಚಿತ್ರದ ಕೊನೆಯನ್ನು ನೋಡೇ ಇಲ್ಲ. ಹನ್ನೆರಡು ವರ್ಷ ನನಗೂ ನಿಮಗೂ ಸುಳ್ಳು ಹೇಳಿದ್ದಾರೆ. ಈ ಮನುಷ್ಯ ಹೇಳುವುದೆಲ್ಲ ಸುಳ್ಳು."

ನಿನ್ನ ಊರು, ನಿನ್ನ ಥಿಯೇಟರು, ನಿನ್ನ ಜನ. ನೀನು ನನ್ನನ್ನೇ ನೋಡಿ, ಮೈಕಿಗೆ ಬಾಗಿ, "ಖರೆ ಐತ್ರಿ," ಎಂದೆ. ಟವಲು ಹೆಗಲಿಗೆ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೋದೆ. ಉಳಿದ ರೀಲು ಯಾವ ಮಾತೂ ಇಲ್ಲದೆ ಓಡಿತು. ಯಾರೂ ನಗಲಿಲ್ಲ, ಅಳಲಿಲ್ಲ. ಎದ್ದು ಹೋದರು. ಆ ಮುದುಕ ಹೋಗುವಾಗ ನನ್ನ ಮುಂದೆ ನಿಂತು, "ಇಷ್ಟಕ್ಕ ಕೋಟು ಹಾಕ್ಯಂಡು ಬಂದೇನೋ?" ಎಂದ.

ಸೈಕಲ್ ಸ್ಟ್ಯಾಂಡಿನಲ್ಲಿ ನಿನ್ನನ್ನು ಹಿಡಿದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದವನೂ ನಾನೇ, ತಪ್ಪು ನಿನ್ನದೇ ಎಂಬಂತೆ. ಸೋಮವಾರದ ಆಟಕ್ಕೆ ಬರಲೇಬೇಕೆಂದು ಮಾಲೀಕರು ಹೇಳಿದ್ದರು, ಮದರಾಸಿನಲ್ಲಿ ರೈಲಿಗೆ ಹೊತ್ತಾಗುತ್ತದೆಂದು ಕೊನೆಯ ರೀಲಿಗೆ ಮುಂಚೆ ಎದ್ದೆ ಎಂದೆ ನೀನು. ಹಾಗಾದರೆ ಗೊತ್ತಿಲ್ಲ ಎನ್ನಬಹುದಿತ್ತಲ್ಲ ಎಂದೆ ನಾನು. "ಪ್ರೆಸ್ಸಿನಾಗ ನೀನು ಪೆನ್ಸಿಲ್ ಹಿಡಕಂಡು ಕುಂತಿದ್ದಿ ವಾಮಣ್ಣ, ಹಸಿದೋನು ಗಂಗಾಳದ ಮುಂದ ಕುಂತಂಗೆ," ಎಂದೆ ನೀನು. "ಅರ್ಧಕ್ಕ ಎದ್ದು ಬಂದೆ ಅನ್ನಾಕ ನಾಲಿಗಿ ಬರಲಿಲ್ಲ." ಅಷ್ಟೇ ಹೇಳಿ ಸೈಕಲ್ಲು ಹತ್ತಿದೆ.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಕಳೆದ ಬುಧವಾರ ನಾನು ನಿಮ್ಮ ಮನೆಗೆ ಬಂದಿದ್ದೆ. ನೀನು ಸಂತೆಗೆ ಹೋಗಿದ್ದೆ. ಖತೀಜಾಬೀ ಅವರು ಒಳಗೆ ಕರೆದು ಕೂರಿಸಿದರು. ಹೇಳಬೇಡಿ ಎಂದು ನಾನೇ ಕೇಳಿಕೊಂಡೆ, ಅವರ ಮೇಲೆ ಸಿಟ್ಟಾಗಬೇಡ. ಅಂಬಿಗನ ಹೆಂಡತಿಯ ಕಥೆ ನಿಮಗೆ ಗೊತ್ತೇ ಎಂದು ಕೇಳಿದೆ. ಅವರು ಅಡಕೊತ್ತು ಕೆಳಗಿಟ್ಟು ನಕ್ಕರು. "ಅಂಬಿಗನ ಹೆಂಡ್ತಿ ನಾನೇ ಅಲ್ಲೇನಪಾ," ಎಂದರು. ನಿನ್ನ ತಂದೆ ಹೊಳೆಯಲ್ಲಿ ದೋಣಿ ಬಿಡುತ್ತಿದ್ದರು ಎಂದು ನನಗೂ ಗೊತ್ತಿತ್ತು, ನಮ್ಮ ಶಾಲೆಯ ದಿನಗಳಿಂದ ಗೊತ್ತಿತ್ತು. ಗೊತ್ತಿದ್ದೂ ಕಾಣಲಿಲ್ಲ. ಸೇತುವೆ ಮೇಲೆ ಮೋಟಾರು ಬಸ್ಸು ಓಡಲು ಶುರುವಾದ ಮೇಲೆ ದೋಣಿಗೆ ಜನ ಕಡಿಮೆಯಾದರಂತೆ. ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬರೂ ಬರಲಿಲ್ಲ. "ಮನಿಗೆ ಬರ್ರಿ ಅಂದ್ರ ಬರಲಿಲ್ಲ. ಮಾನಗೇಡಿ ಆದೆ ಅಂತ ಕುಂತಿದ್ರು. ನಾನು ಹೋಗಿ ದೋಣ್ಯಾಗ ಕುಂತೆ. ಕಾಸು ಕೊಟ್ಟೆ. ದಾಟಿಸ್ರಿ ಅಂದೆ. ಆ ದಡ ಮುಟ್ಟಿಸಿ, ಈ ದಡಕ್ಕ ತಂದ್ರು. ಆಮ್ಯಾಲೆ ಉಂಡ್ರು."

ಯಾವ ಕೈಯಿಂದ ಕೊಟ್ಟಿರಿ ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಎಡಗೈಲೆ. ಬಲಗಂಕುಳಾಗ ಇವನಿದ್ದ," ಎಂದರು.

ಹೊರಗೆ ಬಂದು ಹೊಳೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆ. ಹನ್ನೆರಡು ವರ್ಷ ನೀನು ನೋಡಿದೆ, ನಾನು ನೋಡಲಿಲ್ಲ ಎಂದು ನಿನ್ನ ಮೇಲೆ ಉರಿದೆ. ನೀನೂ ನೋಡಿರಲಿಲ್ಲ ಎಂದು ತಿಳಿದಾಗ ಉರಿ ಇಳಿಯಬೇಕಿತ್ತು. ಹೆಚ್ಚಾಯಿತು. ಇಟಲಿಯವರು ಬೀದಿಗೆ ಇಳಿದು ನಿಜವಾದ ಜನರ ಬದುಕನ್ನು ಚಿತ್ರಕ್ಕೆ ತಂದರು ಎಂದು ನಾನು ಐವತ್ತು ನಿಮಿಷ ಹೇಳಿದೆ. ಅದನ್ನು ಮಾಡಿದವನು ನಮ್ಮ ಪ್ರೆಸ್ಸಿನಲ್ಲಿ ನಿಂತಿದ್ದ, ನಾನು ಅವನ ಹೆಸರು ಬಿಟ್ಟು ಅಚ್ಚು ಹಾಕಿದೆ. ಪಾಸು ನಿನಗೆ ಕೊಡದೆ ನಾನೇ ಹೋಗಿದ್ದರೆ ಕೊನೆಯ ರೀಲನ್ನು ಪೂರ್ತಿ ನೋಡಿ ಬರುತ್ತಿದ್ದೆ. ಬುಟ್ಟಿ ಹೊತ್ತವಳು ಕೆಳಗೆ ನೋಡದೆ ಹೋದಳು ಎಂದು ಸರಿಯಾಗಿಯೇ ಬರೆಯುತ್ತಿದ್ದೆ. ಅದೂ ದೊಡ್ಡ ಮುಕ್ತಾಯವೇ, ನಾನು ಬಲ್ಲೆ. ಆದರೆ ಅಜ್ಜಪ್ಪನವರು ಧಾರಣೆಯ ಪಟ್ಟಿ ಬಿಟ್ಟು ಅದನ್ನು ಓದುತ್ತಿರಲಿಲ್ಲ.

ಇದರೊಳಗೆ ಬರುವ ಶುಕ್ರವಾರದ ಅಂಕಣದ ಪ್ರೂಫ್ ಇಟ್ಟಿದ್ದೇನೆ. ಅಂಬಿಗನ ಕಥೆಯ ಕೊನೆ ಹರಿಹರದ ಹಿದಾಯತ್ ಅವರದು, ಅವರ ತಂದೆತಾಯಿ ಬಾಳಿದ್ದು, ಅದನ್ನು ಇಟಲಿಯದೆಂದು ಹನ್ನೆರಡು ವರ್ಷ ನನ್ನ ಹೆಸರಿನಲ್ಲಿ ನಡೆಸಿದ್ದೇನೆ, ಎಂಟನೆಯ ತಾರೀಖು ರೀಲು ಅದಲುಬದಲು ಮಾಡಿಸಿದವನೂ ನಾನೇ ಎಂದು ಬರೆದಿದ್ದೇನೆ. ಖತೀಜಾಬೀ ಅವರು ಒಪ್ಪಿದ್ದಾರೆ, "ಬರಿ, ಆದ್ರ ಬಣ್ಣ ಹಚ್ಚಬ್ಯಾಡ," ಎಂದರು. ನೀನು ಬೇಡವೆಂದರೆ ಗುರುವಾರದ ಒಳಗೆ ತಿಳಿಸು, ತೆಗೆಯುತ್ತೇನೆ. ತಪ್ಪಿದ್ದರೆ ತಿದ್ದು.

ಇನ್ನೊಂದು, ಮೈಕಿಗೆ ವಾಪಸು ಹೋಗು. ಮೈಕಿಗೆ ಬಟ್ಟೆ ಮುಚ್ಚಿಟ್ಟಿದ್ದಾರಂತೆ, ಹನುಮಂತಪ್ಪ ಹೇಳಿದ. ಮೊನ್ನೆ ಒಂದು ಪೈಲ್ವಾನನ ಚಿತ್ರ ಬಂದಾಗ ಜನ ಪರದೆ ಬಿಟ್ಟು ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿದ್ದರಂತೆ. ನೀನು ಹೋದರೆ ನಾನು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕೋಟು ಹಾಕಿಕೊಂಡು ಬರುವುದಿಲ್ಲ. ಷಡ್ಡಕನ ವಿಚಾರ ಎತ್ತುವುದಿಲ್ಲ. ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ಬರೆಯಲಾರೆ. ಅದು ಇರುತ್ತದೆ. ಅದರ ಜೊತೆಗೇ ಬಂದು ಕೂರುತ್ತೇನೆ.

ತಾಯಿಯವರಿಗೆ ಸಾಷ್ಟಾಂಗ ನಮಸ್ಕಾರ. ನಿನ್ನ ಧ್ವನಿ ಚೆನ್ನಾಗಿರಲಿ, ಹೊಳೆದಂಡೆಯ ಬೆಂಚುಗಳು ತುಂಬಿರಲಿ.

ನಿನ್ನವನೇ ಎಂದುಕೊಂಡಿರುವ
ವಾಮದೇವಪ್ಪ

ಇದನ್ನು ಬರೆಯಬಾರದೆಂದಿದ್ದೆ. ಆ ಭಾನುವಾರ ನಿರ್ಮಲ ಹೆಂಗಸರ ಸಾಲಿನಲ್ಲಿದ್ದಳು. ಮನೆಗೆ ಬಂದು, ತವರಿನಿಂದ ತಂದ ಟ್ರಂಕು ತೆಗೆದು, ಮದುವೆಯ ಸೀರೆಯ ಮಡಿಕೆಯಿಂದ ಒಂದು ಹಳೆಯ ಹಾಳೆ ಹೊರತೆಗೆದಳು. ೧೯೫೨ರ ಅದೇ ಅಂಕಣ. ಕೊನೆಯ ಸಾಲು ಓದಿಕೊಂಡಳು. ಅವಳು ನನ್ನ ಬರಹವನ್ನು ಸೀರೆಯಲ್ಲಿ ಮಡಿಸಿಟ್ಟಿದ್ದಾಳೆ ಎಂದು ಒಂದು ಗಳಿಗೆ ನನಗೆ ಆ ದಿನದ ಅವಮಾನವೆಲ್ಲ ಮರೆತುಹೋಯಿತು. ಅಲ್ಲಿಂದ ಈಚೆಗೆ ಆರುನೂರ ಅರವತ್ತು ಅಂಕಣ ಬರೆದಿದ್ದೇನೆ. ಉಳಿದವು ಎಲ್ಲಿ ಎಂದು ಕೇಳಿದೆ. "ಅವು ಒಲಿಗೆ ಹೋದವು, ಹಪ್ಪಳದ ಕೆಳಗ ಹಾಸಾಕ ಹೋದವು," ಎಂದಳು, ಸಿಟ್ಟಿನಿಂದಲ್ಲ, ಸಹಜವಾಗಿ. "ಇದು ನಿಮ್ಮದಲ್ಲ ಅಂತ ಅವತ್ತೇ ಗೊತ್ತಿತ್ತು."

ಹೇಗೆ ಗೊತ್ತಾಯಿತು ಎಂದೆ.

"ಇದರಾಗ ಒಂದೂ ಇಸವಿ ಇರಲಿಲ್ಲ."